ಒಂದು ಬಟ್ಟಲು ಗಂಜಿಯ ಬೆನ್ನು ಹತ್ತಿ: ಜೀರ್ಣಕ್ರಿಯೆಯನ್ನು ಮನೆಯಲ್ಲೇ ಮಾಡಿ ನೋಡುವ ಕ್ರಮ

ಕಾಸರಗೋಡಿನ ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಜೀರ್ಣಾಂಗಗಳ ಚಿತ್ರ ಬಿಡಿಸಿ, ಬಾಣದ ಗುರುತು ಹಾಕಿ, ಹೆಸರುಗಳನ್ನೆಲ್ಲ ಬರೆಸಿ ಮುಗಿಸಿದ ದಿನ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಟೀಚರ್, ಬೆಳಿಗ್ಗೆ ಉಂಡ ಗಂಜಿ ನಾನಾಗುವುದು ಯಾವಾಗ?” ನನ್ನ ಚಿತ್ರದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ವರ್ಷದಿಂದ ಪಾಠದ ಕ್ರಮವನ್ನೇ ಬದಲಿಸಿದೆ. ಅಂಗಗಳ ಪಟ್ಟಿ ಹಿಡಿದು ಹೋಗುವುದನ್ನು ಬಿಟ್ಟು, ಒಂದು ಬಟ್ಟಲು ಗಂಜಿಯ ಬೆನ್ನು ಹತ್ತಿ ಅದು ಹೋದಲ್ಲಿಗೆ ಹೋಗುವುದು; ದಾರಿಯಲ್ಲಿ ನಡೆಯುವುದನ್ನು ಲೋಟದಲ್ಲೋ ಅಂಗಳದಲ್ಲೋ ಮಾಡಿ ನೋಡುವುದು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ರಜೆಯ ದಿನ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಶುರುಮಾಡಿದರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತದೆ. ಕೊನೆಯ ಹೆಜ್ಜೆಗೆ ಮಾತ್ರ ಕೆಲವು ದಿನ ಕಾಯಬೇಕು.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಕುಚ್ಚಿಲಕ್ಕಿ ಗಂಜಿ, ಐದಾರು ಗಾಜಿನ ಲೋಟ, ಬಿಳಿ ವಿನೆಗರ್, ಅರ್ಧ ಲೋಟ ಹಾಲು, ತೆಂಗಿನೆಣ್ಣೆ, ಪಾತ್ರೆ ತೊಳೆಯುವ ಸಾಬೂನು, ಒಂದು ಹಳೆಯ ಸೀರೆ, ಒಂದು ತೆಳು ಬೈರಾಸು (ಮೈ ಒರೆಸುವ ಬಟ್ಟೆ), ಒಂದು ಟರ್ಕಿ ಟವೆಲ್, ಬೇಯಿಸಿದ ಮುಸುಕಿನ ಜೋಳ. ಜೊತೆಗೆ ಮೆಡಿಕಲ್ ಅಂಗಡಿಯಿಂದ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಚಿಕ್ಕ ಬಾಟಲಿ. ಅಯೋಡಿನ್ ಬಾಟಲಿ ದೊಡ್ಡವರ ಕೈಯಲ್ಲೇ ಇರಲಿ. ಅದು ಬಿದ್ದ ಲೋಟವನ್ನು ಯಾರೂ ಬಾಯಿಗೆ ಇಡಬಾರದು. ಕೆಲಸವಾದ ಮೇಲೆ ಸಾಬೂನು ಹಾಕಿ ಚೆನ್ನಾಗಿ ತೊಳೆಯಬೇಕು.

ಶುರುಮಾಡುವ ಮೊದಲು ಮಕ್ಕಳಿಗೆ ಒಂದು ಮಾತನ್ನು ಮನದಟ್ಟು ಮಾಡಿಸಿ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಒಬ್ಬರು ನಡೆದು ಹೋಗುವಷ್ಟೇ ಅಗಲ, ಎರಡೂ ಬದಿಗೆ ಮುರಕಲ್ಲಿನ ಗೋಡೆ. ಅದರೊಳಗೆ ನಿಂತ ಮನುಷ್ಯ ಗುಡ್ಡದ ಹೊಟ್ಟೆಯಲ್ಲಿದ್ದಾನೆ, ಆದರೆ ಗುಡ್ಡದ ಮಣ್ಣಿನೊಂದಿಗೆ ಸೇರಿಲ್ಲ. ಬಾಯಿಯಿಂದ ಗುದದವರೆಗಿನ ನಾಳವೂ ಹಾಗೆಯೇ. ಬಿಡಿಸಿ ಅಳೆದರೆ ಸುಮಾರು 9 ಮೀಟರ್ ಉದ್ದದ, ಎರಡೂ ಕಡೆ ತೆರೆದ ಸುರಂಗ ಅದು. ನುಂಗಿದ ಗಂಜಿ ಸುರಂಗಕ್ಕೆ ಬಂದಿದೆ ಅಷ್ಟೆ. ದೇಹಕ್ಕೆ ಇನ್ನೂ ಬಂದಿಲ್ಲ. ದೇಹಕ್ಕೆ ಬರಬೇಕಾದರೆ ಗೋಡೆ ದಾಟಬೇಕು. ಗೋಡೆ ದಾಟಬೇಕಾದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತುಂಡಾಗಬೇಕು. ಮುಂದಿನ ಹೆಜ್ಜೆಗಳಲ್ಲಿ ನಡೆಯುವುದೆಲ್ಲ ಆ ತುಂಡರಿಸುವ ಕೆಲಸ.

ಹೆಜ್ಜೆ 1: ಬಾಯಿ, ಮೂರು ಲೋಟಗಳಲ್ಲಿ

ಗಂಜಿಯ ಒಂದು ತುತ್ತು ಅಗುಳನ್ನು ಉಪ್ಪಿನಕಾಯಿ, ಚಟ್ನಿ ಏನೂ ಇಲ್ಲದೆ ಬಾಯಿಗೆ ಹಾಕಿಕೊಂಡು ನಲವತ್ತು ಸಲ ಅಗಿಯಲು ಹೇಳಿ. ಇಪ್ಪತ್ತು ದಾಟಿದ ಮೇಲೆ ಸಣ್ಣ ಸಿಹಿ ತಿಳಿಯುತ್ತದೆ. ಸಕ್ಕರೆ ಹಾಕಿಲ್ಲ, ಹಾಗಾದರೆ ಸಿಹಿ ಎಲ್ಲಿಂದ ಬಂತು? ಅನ್ನದಲ್ಲಿರುವ ಪಿಷ್ಟ ಎಂದರೆ ಸಕ್ಕರೆಯ ಕಣಗಳು ಸರಪಳಿಯಂತೆ ಸಾವಿರಗಟ್ಟಲೆ ಕೂಡಿಕೊಂಡ ವಸ್ತು. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರಪಳಿಯನ್ನು ಕತ್ತರಿಸುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಇರುವ ಮೂರು ಜೋಡಿ ಗ್ರಂಥಿಗಳು ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ಹಸಿ ಅಕ್ಕಿಯ ಮೇಲೆ ಅದರ ಕೆಲಸ ಅಷ್ಟಾಗಿ ನಡೆಯುವುದಿಲ್ಲ. ನೀರಿನಲ್ಲಿ ಬೆಂದು ಪಿಷ್ಟದ ಕಾಳುಗಳು ಉಬ್ಬಿ ಬಾಯಿಬಿಟ್ಟಾಗಲೇ ಕಿಣ್ವಕ್ಕೆ ಒಳನುಗ್ಗಲು ದಾರಿಯಾಗುತ್ತದೆ. ಅಂದರೆ ಈ ಪಯಣದ ಮೊದಲ ಹಂತ ಒಲೆಯ ಮೇಲೆಯೇ ಆಗಿಹೋಗಿರುತ್ತದೆ.

ಈಗ ಲೋಟಗಳನ್ನು ತೆಗೆದುಕೊಳ್ಳಿ. ಆರಿದ ಗಂಜಿ ತೆಳಿಯ (ಗಂಜಿ ನೀರಿನ) ಒಂದು ಸಣ್ಣ ಚಮಚವನ್ನು ಒಂದು ಲೋಟ ನೀರಿಗೆ ಕಲಸಿ, ಮೂರು ಲೋಟಗಳಿಗೆ ಸಮನಾಗಿ ಹಂಚಿ. ಒಂದನೆಯದಕ್ಕೆ ಒಂದು ಚಮಚ ಬರಿಯ ನೀರು. ಎರಡನೆಯದಕ್ಕೆ, ಬಾಯಿ ಮುಕ್ಕಳಿಸಿದ ಮೇಲೆ ಹಿಡಿದ ಒಂದು ಚಮಚ ಜೊಲ್ಲು. ಮೂರನೆಯದಕ್ಕೆ ಜೊಲ್ಲಿನ ಜೊತೆ ಒಂದು ಚಮಚ ವಿನೆಗರ್. ಮೂರನ್ನೂ ಉಗುರು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಇಪ್ಪತ್ತು ನಿಮಿಷ ಇಡಿ. ಹೊರತೆಗೆದು ತಣಿಸಿ, ಪ್ರತಿಯೊಂದಕ್ಕೂ ಎರಡೆರಡು ಹನಿ ಅಯೋಡಿನ್ ಬಿಡಿ.

ಒಂದನೆಯ ಲೋಟದಲ್ಲಿ ಹನಿ ಬಿದ್ದ ಜಾಗದಿಂದ ಕಡುನೀಲಿ ಬಳ್ಳಿಗಳು ಕೆಳಗಿಳಿದು, ಚಮಚ ಆಡಿಸಿದ ಕೂಡಲೇ ಲೋಟ ಪೂರ್ತಿ ಶಾಯಿಯಂತಾಗುತ್ತದೆ. ಪಿಷ್ಟ ಇದ್ದಲ್ಲಿ ಅಯೋಡಿನ್ ತೋರಿಸುವ ಬಣ್ಣ ಅದು. ಎರಡನೆಯದು ಅಷ್ಟು ನೀಲಿಯಾಗುವುದಿಲ್ಲ. ಕೆಂಪು ಮಿಶ್ರಿತ ಕಂದು, ಅಥವಾ ಬರಿಯ ತೆಳು ಹಳದಿ. ಸರಪಳಿ ತುಂಡಾಗಿದೆ. ಮೂರನೆಯದು ಮತ್ತೆ ನೀಲಿ: ಜೊಲ್ಲು ಇದ್ದರೂ ಹುಳಿಯಲ್ಲಿ ಅದರ ಕೈ ಕಟ್ಟಿಹೋಗಿದೆ. ಈ ಮೂರನೆಯ ಲೋಟವನ್ನು ಚೆಲ್ಲಬೇಡಿ, ಜಠರಕ್ಕೆ ಹೋದಾಗ ಬೇಕು.

ಇದರಲ್ಲಿ ಕೈಕೊಡುವ ಕಡೆಗಳು ಮೂರು. ತೆಳಿ ದಪ್ಪವಾಗಿದ್ದರೆ ಒಂದು ಚಮಚ ಜೊಲ್ಲು ಸಾಲದು, ಎಲ್ಲವೂ ನೀಲಿಯಾಗಿಯೇ ಉಳಿಯುತ್ತದೆ. ಬಿಸಿ ಗಂಜಿಗೆ ಅಯೋಡಿನ್ ಬಿಟ್ಟರೆ ನೀಲಿಯೇ ಹುಟ್ಟುವುದಿಲ್ಲ, ಶಾಖಕ್ಕೆ ಆ ಬಣ್ಣ ನಿಲ್ಲುವುದಿಲ್ಲ. ಮೂರನೆಯದು ನನಗೆ ಒಂದು ವರ್ಷ ತಲೆ ಕೆಡಿಸಿದ್ದು: ವಿನೆಗರ್ ಬದಲು ನಿಂಬೆರಸ ಹಾಕಿದರೆ ನೀಲಿ ಬಣ್ಣ ಕಣ್ಣೆದುರೇ ಮಾಯವಾಗುತ್ತದೆ. ಅದು ಜೊಲ್ಲಿನ ಕೆಲಸವಲ್ಲ. ನಿಂಬೆಯ ಸಿ ಜೀವಸತ್ವ ಅಯೋಡಿನ್ನನ್ನೇ ಬಣ್ಣವಿಲ್ಲದ ರೂಪಕ್ಕೆ ತಿರುಗಿಸಿಬಿಡುತ್ತದೆ. ಮಕ್ಕಳು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ನಿಂಬೆ ಬೇಡವೇ ಬೇಡ.

ಹೆಜ್ಜೆ 2: ನುಂಗುವುದು

ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಒಂದು ಗುಟುಕು ನೀರು ಕುಡಿಯಿರಿ. ಉಬ್ಬು ಮೇಲೆದ್ದು ಕೆಳಗಿಳಿಯುತ್ತದೆ. ಮೇಲೆದ್ದ ಆ ಕ್ಷಣದಲ್ಲಿ ಶ್ವಾಸನಾಳದ ಬಾಯಿಗೆ ಮುಚ್ಚಳ ಬಿದ್ದಿರುತ್ತದೆ, ಉಸಿರು ನಿಂತಿರುತ್ತದೆ. ಮಾತಾಡುತ್ತಾ ನಗುತ್ತಾ ಉಂಡಾಗ ಮುಚ್ಚಳ ಬೀಳುವ ಹೊತ್ತು ತಪ್ಪಿ ಒಂದು ಅಗುಳು ಅತ್ತ ಜಾರಿದರೆ ನಾವು ‘ನೆತ್ತಿಗೆ ಹತ್ತಿತು’ ಎನ್ನುತ್ತೇವೆ. ಅಜ್ಜಿ ನೆತ್ತಿ ತಟ್ಟಿ ಯಾರೋ ನೆನೆಸಿಕೊಂಡರು ಎನ್ನುತ್ತಾರೆ. ಅಗುಳನ್ನು ಹೊರಹಾಕುವುದು ಕೆಮ್ಮು. ಕೆಮ್ಮುತ್ತಿರುವವರಿಗೆ ಕೆಮ್ಮಲು ಬಿಡಿ, ಆಗ ನೀರು ಕುಡಿಸಬೇಡಿ.

ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ. ತುತ್ತು ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ ಎಂದು ಬಹಳ ಮಕ್ಕಳು ತಿಳಿದಿರುತ್ತಾರೆ. ಅವರನ್ನು ಹಟ್ಟಿಗೆ ಕರೆದುಕೊಂಡು ಹೋಗಿ ಹಸು ನೀರು ಕುಡಿಯುವುದನ್ನು ತೋರಿಸಿ. ಬಾಯಿ ನೆಲದ ಮಟ್ಟದಲ್ಲಿದೆ, ಹೊಟ್ಟೆ ಮೇಲಿದೆ, ಆದರೂ ನೀರು ಏರುತ್ತದೆ. ಕತ್ತಿನ ಉದ್ದಕ್ಕೂ ಅಲೆಯೊಂದು ಸಾಗುವುದು ಚರ್ಮದ ಮೇಲೆಯೇ ಕಾಣುತ್ತದೆ. ನಾಳದ ಸ್ನಾಯುಗಳು ತುತ್ತಿನ ಹಿಂದೆ ಬಿಗಿದು ಮುಂದೆ ಸಡಿಲುತ್ತಾ ದೂಡುತ್ತವೆ. ನಮ್ಮಲ್ಲೂ ಹಾಗೆಯೇ, ಅಗಿದ ತುತ್ತು ಹತ್ತು ಸೆಕೆಂಡಿನೊಳಗೆ ಜಠರ ತಲುಪುತ್ತದೆ.

ಹೆಜ್ಜೆ 3: ಜಠರ

ಎತ್ತಿಟ್ಟ ಮೂರನೆಯ ಲೋಟವನ್ನು ಈಗ ತನ್ನಿ. ಜಠರದ ಗೋಡೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಸುರಿಸುತ್ತದೆ. ಅದರ ಹುಳಿ ವಿನೆಗರಿಗಿಂತ ಹೆಚ್ಚು. ತುತ್ತಿನ ಒಳಭಾಗಕ್ಕೆ ಆಮ್ಲ ಇಳಿಯುವವರೆಗೆ ಜೊಲ್ಲಿನ ಕೆಲಸ ಸ್ವಲ್ಪ ಹೊತ್ತು ನಡೆದು, ಆಮೇಲೆ ನಿಲ್ಲುತ್ತದೆ. ನೀಲಿಯಾಗಿ ಉಳಿದ ಲೋಟ ಹೇಳುವುದು ಇದನ್ನೇ: ಪಿಷ್ಟ ಜಠರದಲ್ಲಿ ಕಾಯುತ್ತದೆ. ಇಲ್ಲಿ ಸರದಿ ಪ್ರೋಟೀನಿನದು.

ನಾಲ್ಕನೆಯ ಲೋಟದಲ್ಲಿ ಬೆಚ್ಚಗಿನ ಹಾಲು ಹಾಕಿ ಎರಡು ಚಮಚ ವಿನೆಗರ್ ಸುರಿಯಿರಿ. ಹಾಲು ಒಡೆದು ಗಟ್ಟಿ ಬೇರೆ, ನೀರು ಬೇರೆಯಾಗುತ್ತದೆ. ಹೊಟ್ಟೆಯಲ್ಲಿ ಹಾಲು ಹೆಪ್ಪಾಗುವುದು ಹೀಗೆ. ಹೆಪ್ಪಾದರೆ ಬೇಗ ಜಾರಿಹೋಗದೆ ನಿಲ್ಲುತ್ತದೆ, ಪೆಪ್ಸಿನ್ ಎಂಬ ಕಿಣ್ವಕ್ಕೆ ಅದರ ಪ್ರೋಟೀನನ್ನು ಕತ್ತರಿಸಲು ಸಮಯ ಸಿಗುತ್ತದೆ. ಪ್ರೋಟೀನ್ ಕತ್ತರಿಸುವ ಕಿಣ್ವದ ಅನುಭವ ನಿಮ್ಮ ನಾಲಗೆಗೆ ಆಗಲೇ ಇದೆ. ಅನಾನಸು ಹೆಚ್ಚು ತಿಂದರೆ ನಾಲಗೆ ಚುರುಚುರು ಎನ್ನುವುದಕ್ಕೆ ಒಂದು ಕಾರಣ ಅದರಲ್ಲಿರುವ ಅಂಥದೇ ಕಿಣ್ವ. ಜಠರ ತನ್ನನ್ನೇ ಅರಗಿಸಿಕೊಳ್ಳದಿರುವುದು ಗೋಡೆಯ ಮೇಲಿನ ಲೋಳೆಯ ಪದರದಿಂದ.

ಈ ವಿಷಯವೆಲ್ಲ ಮನುಷ್ಯರಿಗೆ ತಿಳಿದ ಬಗೆಯನ್ನು ನಾನು ಪ್ರತಿ ವರ್ಷ ಹೇಳುತ್ತಿದ್ದೆ. 1822ರಲ್ಲಿ ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಗುಂಡು ತಗುಲಿತು. ಅವನು ಬದುಕಿದ, ಆದರೆ ಹೊಟ್ಟೆಯ ಮೇಲೆ ಜಠರಕ್ಕೆ ತೆರೆದ ರಂಧ್ರ ಉಳಿದುಹೋಯಿತು. ಚಿಕಿತ್ಸೆ ಮಾಡಿದ ವಿಲಿಯಂ ಬ್ಯೂಮಾಂಟ್ ಎಂಬ ವೈದ್ಯ ಮಾಂಸ, ಬ್ರೆಡ್, ಎಲೆಕೋಸನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಇಳಿಸಿ, ಗಂಟೆಗೊಮ್ಮೆ ಹೊರಗೆಳೆದು ಎಷ್ಟು ಕರಗಿದೆ ಎಂದು ನೋಡಿದ. 1833ರಲ್ಲಿ ಅದನ್ನೆಲ್ಲ ಪ್ರಕಟಿಸಿದ. ಜಠರದಲ್ಲಿ ನಡೆಯುವುದು ಬರಿಯ ಅರೆಯುವ ಕೆಲಸವಲ್ಲ, ರಸದಿಂದ ಕರಗಿಸುವ ಕೆಲಸವೂ ಹೌದು ಎಂದು ಅದು ಗಟ್ಟಿಯಾಗಿ ತೋರಿಸಿತು. ವೈದ್ಯನ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಅದೇ ವೈದ್ಯನ ಮನೆಯಲ್ಲಿ ಆಳಾಗಿ ದುಡಿಯುತ್ತಾ ಹೊಟ್ಟೆಯೊಳಗೆ ದಾರ ಇಳಿಸಿಕೊಂಡವನ ಹೆಸರನ್ನೂ ಮಕ್ಕಳು ತಿಳಿದಿರಬೇಕು.

ರಸದ ಜೊತೆಗೆ ಜಠರ ನಿಮಿಷಕ್ಕೆ ಸುಮಾರು ಮೂರು ಸಲ ಹಿಂಡುತ್ತದೆ. ಅದರ ಕೆಳಬಾಗಿಲು ಇಕ್ಕಟ್ಟು. ಒಂದೆರಡು ಮಿಲಿಮೀಟರಿಗಿಂತ ದೊಡ್ಡ ಚೂರುಗಳನ್ನು ಸಾಮಾನ್ಯವಾಗಿ ಹಿಂದಕ್ಕೆ ತಳ್ಳಿ ಮತ್ತೆ ಅರೆಯುತ್ತದೆ. ಅದಕ್ಕೇ ಗಂಜಿ ಬೇಗ ಇಳಿಯುತ್ತದೆ, ಗಟ್ಟಿ ಊಟಕ್ಕೆ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಎಣ್ಣೆ, ತುಪ್ಪ ಹೆಚ್ಚಾದಷ್ಟೂ ತಡ. ಬೆಳಿಗ್ಗೆ ಗಂಜಿ ಉಂಡು ತೋಟಕ್ಕೆ ಇಳಿದವರಿಗೆ ಹತ್ತು ಗಂಟೆಗೆ ಹೊಟ್ಟೆ ಚುರ್ ಎನ್ನುವುದೂ, ಮದುವೆ ಊಟ ಮಾಡಿದವರಿಗೆ ರಾತ್ರಿಯಾದರೂ ಹಸಿವಾಗದಿರುವುದೂ ಇದೇ ಬಾಗಿಲಿನಿಂದ.

ಹೆಜ್ಜೆ 4: ಎಣ್ಣೆ ಒಡೆಯುವುದು

ಜಠರದಿಂದ ಗಂಜಿ ಒಮ್ಮೆಗೇ ಹೊರಬೀಳುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಚಿಮ್ಮುತ್ತದೆ. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಮೊದಲು ಹುಳಿಯನ್ನು ಶಮನ ಮಾಡುತ್ತದೆ. ಆಮೇಲೆ ಅದೇ ರಸದ ಕಿಣ್ವಗಳು ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಕತ್ತರಿಸತೊಡಗುತ್ತವೆ. ಬಾಯಿಯಲ್ಲಿ ಅರ್ಧಕ್ಕೆ ನಿಂತ ಪಿಷ್ಟದ ಕೆಲಸ ಇಲ್ಲಿ ಮುಂದುವರಿಯುತ್ತದೆ.

ಎಣ್ಣೆಯ ಪಾಡು ಬೇರೆ. ಐದನೆಯ ಲೋಟದಲ್ಲಿ ನೀರಿಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ಎಷ್ಟೇ ಕಲಕಿದರೂ ಅದು ಮೇಲೆ ಬಂದು ಕೂರುತ್ತದೆ. ಎರಡು ಹನಿ ಸಾಬೂನು ನೀರು ಹಾಕಿ ಕಲಕಿ: ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಎಣ್ಣೆ ಸಣ್ಣ ಹನಿಗಳಾಗಿ ಒಡೆದಿದೆ. ಕರುಳಿನಲ್ಲಿ ಸಾಬೂನಿನ ಕೆಲಸವನ್ನು ಪಿತ್ತರಸ ಮಾಡುತ್ತದೆ. ಯಕೃತ್ತು ಅದನ್ನು ತಯಾರಿಸುತ್ತದೆ, ಪಿತ್ತಕೋಶ ಕೂಡಿಡುತ್ತದೆ. ಪಿತ್ತರಸದಲ್ಲಿ ಕಿಣ್ವವಿಲ್ಲ, ಅದು ಎಣ್ಣೆಯನ್ನು ಹನಿ ಮಾಡಿಕೊಡುತ್ತದೆ ಅಷ್ಟೆ. ಕತ್ತರಿಸುವುದು ಮೇದೋಜೀರಕದ ಲೈಪೇಸ್. ಮಾಗಿಯ ಬೆಳಿಗ್ಗೆ ಈ ಪ್ರಯೋಗ ಮಾಡುವುದಾದರೆ ಬಾಟಲಿಯ ಎಣ್ಣೆ ಹೆಪ್ಪುಗಟ್ಟಿರಬಹುದು, ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಇಟ್ಟು ಕರಗಿಸಿಕೊಳ್ಳಿ. 37 ಡಿಗ್ರಿಯ ನಮ್ಮ ಹೊಟ್ಟೆಯಲ್ಲಿ ಆ ತೊಂದರೆ ಇಲ್ಲ.

ಹೆಜ್ಜೆ 5: ಗೋಡೆ

ಇಲ್ಲಿ ಆತುರ ಮಾಡಬೇಡಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ.

ಸೀರೆಯನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ. ಸಾಧಾರಣ ಸೀರೆ ಐದೂವರೆ ಮೀಟರ್, ಬಿಡಿಸಿಟ್ಟ ಸಣ್ಣ ಕರುಳು ಸುಮಾರು ಆರು ಮೀಟರ್. ಒಂದು ಮಗು ಸೆರಗಿನಿಂದ ಇನ್ನೊಂದು ತುದಿಗೆ ನಡೆಯಲಿ. ಆಮೇಲೆ ಅದನ್ನೇ ನೆರಿಗೆ ನೆರಿಗೆಯಾಗಿ ಮಡಚಿ ಮಗುವಿನ ಹೊಟ್ಟೆಯ ಮೇಲೆ ಇಟ್ಟು ತೋರಿಸಿ, ಇಷ್ಟು ಉದ್ದ ಹೇಗೆ ಹಿಡಿಸುತ್ತದೆ ಎಂದು ತಿಳಿಯುತ್ತದೆ.

ಈಗ ಬೈರಾಸು ಮತ್ತು ಟರ್ಕಿ ಟವೆಲ್. ಎರಡರಿಂದಲೂ ಒಂದೇ ಅಳತೆಯ ತುಂಡು ಮಡಚಿ, ಅಳೆದ ನೀರಿನಲ್ಲಿ ಅದ್ದಿ ತೆಗೆದು, ಎಷ್ಟು ನೀರು ಉಳಿಯಿತು ನೋಡಿ. ಟವೆಲ್ ಹೆಚ್ಚು ಕುಡಿಯುತ್ತದೆ. ಅದನ್ನು ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಲು ಹೇಳಿ: ಮೈಯೆಲ್ಲ ನೂಲಿನ ಪುಟ್ಟ ಕುಣಿಕೆಗಳು ಎದ್ದು ನಿಂತಿವೆ. ಸಣ್ಣ ಕರುಳಿನ ಒಳಮೈಯಲ್ಲೂ ಹೀಗೆಯೇ ಒಂದು ಮಿಲಿಮೀಟರಿನಷ್ಟು ಎತ್ತರದ ಅಂಕುರಗಳು, ವಿಲ್ಲೈಗಳು, ಒತ್ತಾಗಿ ನಿಂತಿವೆ. ಪ್ರತಿ ಅಂಕುರದ ಕೋಶಗಳ ಮೇಲೆ ಇನ್ನೂ ಸಣ್ಣ ರೋಮಗಳು. ಒಳಮೈಯನ್ನು ಹರಡಿದರೆ ಟೆನಿಸ್ ಅಂಗಣದಷ್ಟಾಗುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿದೆ, ನಾನೂ ಹಾಗೆಯೇ ಕಲಿಸಿದ್ದೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಸೂಕ್ಷ್ಮವಾಗಿ ಅಳೆದು, ಅದು ಸುಮಾರು 30 ಚದರ ಮೀಟರ್, ಬ್ಯಾಡ್ಮಿಂಟನ್ ಅಂಗಣದ ಅರ್ಧಕ್ಕೂ ಕಡಿಮೆ ಎಂದು ತಿದ್ದಿದ್ದಾರೆ. ಮಕ್ಕಳಿಗೆ ತಿದ್ದಿದ ಲೆಕ್ಕವನ್ನೇ ಹೇಳಿ. ಶಾಲೆಯ ಅಂಗಳದಲ್ಲಿ ಗೆರೆ ಎಳೆದು ತೋರಿಸಿದರೆ ಅದೂ ಕಡಿಮೆಯೇನಲ್ಲ.

ಗಂಜಿಯ ಸರಪಳಿಯ ಕೊನೆಯ ಕೊಂಡಿ ಕತ್ತರಿಸುವುದು ಈ ಗೋಡೆಗೆ ಅಂಟಿಕೊಂಡಿರುವ ಕಿಣ್ವಗಳು. ಎರಡೆರಡು ಸಕ್ಕರೆ ಕಣಗಳ ಜೋಡಿಗಳು ಬಿಡಿಯಾಗಿ ಗ್ಲೂಕೋಸ್ ಆಗುತ್ತವೆ. ಗ್ಲೂಕೋಸ್ ಒಂಟಿಯಾಗಿ ಗೋಡೆ ದಾಟುವುದಿಲ್ಲ, ಉಪ್ಪಿನ ಸೋಡಿಯಂ ಜೊತೆ ಕೈಹಿಡಿದು ದಾಟುತ್ತದೆ. ಹಿಂದೆಯೇ ನೀರೂ ಎಳೆದುಕೊಂಡು ಬರುತ್ತದೆ. ಆಚೆ ಬದಿಯಲ್ಲಿ ರಕ್ತ ಕಾದಿರುತ್ತದೆ. ಗ್ಲೂಕೋಸನ್ನು ಮೊದಲು ಯಕೃತ್ತಿಗೆ, ಅಲ್ಲಿಂದ ಮಿದುಳಿಗೆ, ಕಾಲಿನ ಸ್ನಾಯುಗಳಿಗೆ ಒಯ್ಯುತ್ತದೆ. ಗಂಜಿ ನಾನಾಗುವುದು ಆಗ. ಎಂಟು ಗಂಟೆಗೆ ಉಂಡು, ಗುಡ್ಡ ಇಳಿದು ಬಸ್ ಹತ್ತಿ, ಶಾಲೆಯ ಬೆಲ್ ಹೊಡೆಯುವ ಹೊತ್ತಿಗೆ ಅದರ ಒಂದು ಪಾಲು ಆ ಹುಡುಗಿಯೇ ಆಗಿಹೋಗಿತ್ತು.

ಉಪ್ಪು, ಸಕ್ಕರೆ, ನೀರು ಮೂರೂ ಒಟ್ಟಿಗೆ ದಾಟುತ್ತವೆ ಎಂಬುದನ್ನು ಮಕ್ಕಳ ಮನಸ್ಸಿನಲ್ಲಿ ನಿಲ್ಲಿಸಿ. ಇದು ಜೀವ ಉಳಿಸುವ ಸಂಗತಿ. ಕರುಳಿಗೆ ದಿನಕ್ಕೆ ಎಂಟು ಒಂಬತ್ತು ಲೀಟರ್ ದ್ರವ ಬರುತ್ತದೆ. ನಾವು ಕುಡಿದದ್ದು ಅದರಲ್ಲಿ ಎರಡು ಲೀಟರಿನಷ್ಟು. ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನದೇ ರಸ. ಸುರಂಗದ ಗೋಡೆ ಜಿನುಗಿದ ಹಾಗೆ ದೇಹವೇ ಸುರಿಸಿ, ಹೆಚ್ಚುಕಡಿಮೆ ಎಲ್ಲವನ್ನೂ ಮರಳಿ ಹೀರಿಕೊಳ್ಳುತ್ತದೆ. ಭೇದಿಯಲ್ಲಿ ಈ ಮರಳಿ ಹೀರುವುದು ತಪ್ಪುತ್ತದೆ. ಬರಿಯ ನೀರು ಕುಡಿದರೆ ಸಾಲದು. ಉಪ್ಪು, ಗ್ಲೂಕೋಸ್ ಸೇರಿದರೆ ಕೆಟ್ಟ ಕರುಳಿನಲ್ಲೂ ಆ ಬಾಗಿಲು ತೆರೆಯುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟಲಿಗಳು ಮುಗಿದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸಾವುಗಳು ಬಹಳ ಕಡಿಮೆಯಾದವು. ಇವತ್ತಿನ ಓಆರ್‌ಎಸ್ ಪೊಟ್ಟಣ ಅದೇ ದಾರಿಯದು: ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಕಲಸಬೇಕು, ಅರ್ಧ ಪೊಟ್ಟಣ, ಅಂದಾಜು ನೀರು ಕೂಡದು. ಹೊಟ್ಟೆ ಕೆಟ್ಟಾಗ ನಮ್ಮ ಮನೆಗಳಲ್ಲಿ ಕೊಡುವ ಉಪ್ಪು ಹಾಕಿದ ಗಂಜಿ ತೆಳಿಯಲ್ಲೂ ಇರುವುದು ಇದೇ ಕೂಟ, ಪಿಷ್ಟ ಗ್ಲೂಕೋಸಾಗಿ ಉಪ್ಪಿನೊಂದಿಗೆ ದಾಟುತ್ತದೆ. ಪೊಟ್ಟಣ ಕೈಗೆ ಬರುವವರೆಗೆ ಅದನ್ನು ಕೊಡುತ್ತಿರಿ. ಎಳೆಯ ಮಕ್ಕಳಿಗೆ ಎದೆಹಾಲು ನಿಲ್ಲಿಸಬೇಡಿ. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಹೆಜ್ಜೆ 6: ದೊಡ್ಡ ಕರುಳು

ಉಳಿದದ್ದು ಒಂದೂವರೆ ಮೀಟರಿನ ದೊಡ್ಡ ಕರುಳಿಗೆ ಬರುತ್ತದೆ. ಉಳಿದ ನೀರಿನ ಬಹುಪಾಲು ಇಲ್ಲಿ ಹೀರಿಹೋಗುತ್ತದೆ. ನಮ್ಮ ಕಿಣ್ವಗಳಿಗೆ ಬಗ್ಗದ ನಾರು, ಬಾಳೆಕಾಯಿಯ ಮತ್ತು ತಂಗಳನ್ನದ ಗಟ್ಟಿಬಿದ್ದ ಪಿಷ್ಟ ಇಲ್ಲಿನ ಕೋಟ್ಯಂತರ ಬ್ಯಾಕ್ಟೀರಿಯಾಗಳಿಗೆ ಊಟ. ಅವು ಹುದುಗಿಸಿ ಬಿಡುವ ಸಣ್ಣ ಆಮ್ಲಗಳು ಕರುಳಿನ ಗೋಡೆಯ ಕೋಶಗಳಿಗೆ ಆಹಾರ. ಜೊತೆಗೆ ಹುಟ್ಟುವ ಗಾಳಿಯೇ ಹಲಸಿನ ಬೀಜದ ಪಲ್ಯ ತಿಂದ ರಾತ್ರಿಯ ಗುಡುಗುಡು. ಮಕ್ಕಳು ನಗುತ್ತಾರೆ, ನಗಲಿ. ಹೊರಬರುವುದರಲ್ಲಿ ಮುಕ್ಕಾಲು ಪಾಲು ನೀರು, ಗಟ್ಟಿಯ ದೊಡ್ಡ ಪಾಲು ಬ್ಯಾಕ್ಟೀರಿಯಾ. ಕಂದು ಬಣ್ಣ ಹಳೆಯ ಕೆಂಪು ರಕ್ತಕಣಗಳಿಂದ ಬಂದ, ಪಿತ್ತರಸದ ಮೂಲಕ ಇಳಿದ ವರ್ಣದ್ರವ್ಯದ್ದು.

ಹೆಜ್ಜೆ 7: ಹೊತ್ತು ಅಳೆಯುವುದು

ಎರಡು ದಿನ ಯಾರೂ ಜೋಳ ತಿನ್ನಬಾರದು. ಮೂರನೆಯ ದಿನ ಬೇಯಿಸಿದ ಮುಸುಕಿನ ಜೋಳವನ್ನು ಒಂದು ಹಿಡಿ ತಿಂದು, ಕೆಲವು ಕಾಳುಗಳನ್ನು ಮೆಲ್ಲಗೆ ಮಾತ್ರ ಅಗಿದು ನುಂಗಿ, ದಿನ ಮತ್ತು ಗಂಟೆ ಬರೆದಿಡಿ. ಹಲ್ಲು ಸರಿಯಾಗಿ ಬರದ ಪುಟ್ಟ ಮಕ್ಕಳಿಗೆ ಇದು ಬೇಡ. ಜೋಳದ ಸಿಪ್ಪೆ ಯಾವ ಕಿಣ್ವಕ್ಕೂ ಕರಗುವುದಿಲ್ಲ, ಶೌಚದಲ್ಲಿ ಹಳದಿಯಾಗಿಯೇ ಕಾಣುತ್ತದೆ. ಮೊದಲು ಕಂಡ ಹೊತ್ತನ್ನೂ ಬರೆದುಕೊಳ್ಳಿ. ಒಂದು ದಿನದಿಂದ ಮೂರು ದಿನದೊಳಗೆ ಎಷ್ಟಾದರೂ ಸಹಜ. ಅದರಲ್ಲಿ ಹೆಚ್ಚಿನ ಹೊತ್ತು ಕಳೆಯುವುದು ದೊಡ್ಡ ಕರುಳಿನಲ್ಲಿ. ಬಾಯಿಯಿಂದ ಸಣ್ಣ ಕರುಳು ದಾಟುವವರೆಗೆ ಆರರಿಂದ ಎಂಟು ಗಂಟೆ. ಮುಂದಿನ ವಾರ ತರಕಾರಿ, ನೀರು ಹೆಚ್ಚಿಸಿ ಮತ್ತೊಮ್ಮೆ ಮಾಡಿ, ಎರಡು ಅಂಕೆಗಳನ್ನು ಪಕ್ಕಪಕ್ಕ ಇಡಿ.

ಪ್ರಶ್ನೆ ಕೇಳಿದ ಹುಡುಗಿ ಹೈಸ್ಕೂಲಿಗೆ ಬಂದ ಮೇಲೆ ತಾನೂ ಇದನ್ನು ಮಾಡಿದಳು. ನೋಟ್‌ಬುಕ್ಕಿನಲ್ಲಿ ಮನೆಯವರೆಲ್ಲರ ಲೆಕ್ಕ ಬರೆದು ತಂದಿದ್ದಳು. ಅವಳದು 31 ಗಂಟೆ, ಅಜ್ಜಿಯದು 54.